ಎಲ್ಲರಿಗೂ ಇಪ್ಪತ್ತು

ನಮ್ಮ ದೊಡ್ಡಮ್ಮ ಇಪ್ಪತ್ತಾರು ವರ್ಷ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ನರ್ಸಾಗಿದ್ದರು. ಅವರ ವಾರ್ಡಿನಲ್ಲಿ ರೋಗಿಗಳ ಜ್ವರ ಏರುತ್ತಿತ್ತು, ಇಳಿಯುತ್ತಿತ್ತು. ನಾಡಿ ಓಡುತ್ತಿತ್ತು, ಕುಂಟುತ್ತಿತ್ತು. ಉಸಿರು ಮಾತ್ರ ಎಲ್ಲರದೂ ಒಂದೇ: ನಿಮಿಷಕ್ಕೆ ಇಪ್ಪತ್ತು. ಪವಾಡವೇನಲ್ಲ. ಉಸಿರು ಎಣಿಸಬೇಕಾದರೆ ರೋಗಿಯ ಎದೆಯನ್ನೇ ನೋಡುತ್ತ ಪೂರ್ತಿ ಒಂದು ನಿಮಿಷ ನಿಲ್ಲಬೇಕು. ನಲವತ್ತು ಮಂಚಕ್ಕೆ ಇಬ್ಬರು ನರ್ಸುಗಳಿದ್ದಲ್ಲಿ ನಿಲ್ಲುವ ಪುರಸೊತ್ತು ಯಾರಿಗೆ? ಉಸಿರಾಡುತ್ತಿದ್ದಾರೆ ತಾನೇ, ಇಪ್ಪತ್ತು ಬರಿ. ಡಾಕ್ಟರರೂ ಕೇಳುತ್ತಿರಲಿಲ್ಲ. ಕಲಿಯುವ ಕಾಲದಲ್ಲಿ ಅವರೂ ಇಪ್ಪತ್ತೇ ಬರೆದವರು.

ಮೊಣಕಾಲುಗಳು ಮೂರನೆಯ ಮಹಡಿಯ ವಿರುದ್ಧ ಮುಷ್ಕರ ಹೂಡಿದಾಗ ದೊಡ್ಡಮ್ಮ ಆಸ್ಪತ್ರೆ ಬಿಟ್ಟು, ಮನೆಗಳಿಗೆ ನರ್ಸುಗಳನ್ನು ಕಳಿಸುವ ಕಂಪನಿ ಸೇರಿದರು. ಸಿಕ್ಕ ಮೊದಲ ರೋಗಿ ತೂಕ-ಅಳತೆ ಇಲಾಖೆಯ ನಿವೃತ್ತ ಇನ್ಸ್‌ಪೆಕ್ಟರು. ಲಕ್ವ ಹೊಡೆದು ಎಡಗೈ ಬಿದ್ದುಹೋಗಿತ್ತು, ಅನುಮಾನ ಗಟ್ಟಿಮುಟ್ಟಾಗಿತ್ತು. ದೊಡ್ಡಮ್ಮ ಚಾರ್ಟ್ ಬರೆದಿಟ್ಟಿದ್ದೇ ತಡ, ಇನ್ಸ್‌ಪೆಕ್ಟರು ಸೊಸೆಯಿಂದ ಕನ್ನಡಕ ತರಿಸಿಕೊಂಡರು.

“ಸಿಸ್ಟರ್, ಉಸಿರು ಇಪ್ಪತ್ತು ಅಂತ ಬರೆದಿದ್ದೀರಲ್ಲ, ಯಾವಾಗ ಎಣಿಸಿದ್ರಿ?”

“ಈಗ್ಲೇ ಸಾರ್.”

“ಈಗ ನೀವು ನನ್ನ ಸೊಸೆ ಹತ್ರ ಫ್ಯಾನಿನ ಸ್ವಿಚ್ಚು ಎಲ್ಲಿದೆ ಅಂತ ಕೇಳ್ತಾ ಇದ್ರಿ. ನಾನು ಗಡಿಯಾರ ನೋಡಿ ಎಣಿಸಿದೆ, ಹದಿನಾಲ್ಕು. ಮೂವತ್ತು ವರ್ಷ ಅಂಗಡಿಯವರ ತಕ್ಕಡಿ ಪರೀಕ್ಷೆ ಮಾಡಿದೋನು ನಾನು. ನನಗೇ ಸುಳ್ಳು ತೂಕನಾ?”

ದೊಡ್ಡಮ್ಮ ಇಂಗು ತಿಂದ ಮಂಗನಂತಾದರು. ಅಂದಿನಿಂದ ವಾಚು ಹಿಡಿದು ಎಣಿಸತೊಡಗಿದರು. ಸುಮ್ಮನೆ ನಿಂತ ಆ ಒಂದು ನಿಮಿಷದಲ್ಲಿ ಒಣಗಿದ ತುಟಿ ಕಂಡಿತು, ಮಲಗಿ ಮಲಗಿ ಕೆಂಪಾಗುತ್ತಿದ್ದ ಹಿಮ್ಮಡಿ ಕಂಡಿತು. “ಎಷ್ಟು ಜನರನ್ನ ನೋಡದೇನೇ ದಾಟಿಬಿಟ್ಟೆನೋ” ಎಂದು ಮನೆಯಲ್ಲಿ ನಮ್ಮೆದುರು ಅತ್ತರು. ದೊಡ್ಡಮ್ಮ ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ, ನನಗೂ ಸಂಕಟವಾಯಿತು.

ವರ್ಷದೊಳಗೆ ಕಂಪನಿ ಅವರನ್ನು ಹೊಸ ಹುಡುಗಿಯರಿಗೆ ಪಾಠ ಹೇಳಲು ಹಾಕಿತು. ಮ್ಯಾನೇಜರನ ಷರತ್ತು ಒಂದೇ: ಹನ್ನೆರಡು ಜನರೂ ತಿಂಗಳೊಳಗೆ ಪಾಸಾದರೆ ಕೆಲಸ ಖಾಯಂ, ಇಲ್ಲದಿದ್ದರೆ ಮನೆಗೆ. ಆ ಮೊಣಕಾಲು ಕಟ್ಟಿಕೊಂಡು ದೊಡ್ಡಮ್ಮ ಇನ್ನೆಲ್ಲಿಗೆ ಹೋಗಬೇಕು? ಕ್ಲಾಸಿನಲ್ಲಿ ಮಂಚದ ಮೇಲೊಂದು ರಬ್ಬರ್ ಗೊಂಬೆ ಮಲಗಿತ್ತು. ಮ್ಯಾನೇಜರನಿಗೆ ಅದರ ಮೇಲೆ ವಿಶೇಷ ಪ್ರೀತಿ. ಅವನ ರೋಗಿಗಳಲ್ಲಿ ದೂರು ಕೊಡದ್ದು ಅದೊಂದೇ.

ಪರೀಕ್ಷೆಯ ದಿನ ದೊಡ್ಡಮ್ಮ ಗೊಂಬೆಗೆ ಕತ್ತಿನವರೆಗೆ ಹೊದಿಸಿ, “ಜ್ವರ, ನಾಡಿ ಬೋರ್ಡ್ ಮೇಲೆ ಬರೆದಿದ್ದೀನಿ. ಉಸಿರನ್ನ ಮಾತ್ರ ನೀವೇ ನೋಡಿ ಬರೀರಿ” ಎಂದರು.

ಹನ್ನೆರಡು ಚಾರ್ಟುಗಳಲ್ಲೂ ಉಸಿರು ಇಪ್ಪತ್ತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ, ಹಾಗಾಯಿತು.

“ಏನ್ರೇ, ರಬ್ಬರಿಗೆ ಉಸಿರು ಎಲ್ಲಿಂದ ಬಂತು?” ದೊಡ್ಡಮ್ಮ ಕಿರುಚಿದರು.

ಕೊನೆಯ ಬೆಂಚಿನ ಮೆದುಮಾತಿನ ಹುಡುಗಿಯೊಬ್ಬಳು ಗೋಡೆಯತ್ತ ಕೈ ತೋರಿಸಿದಳು. “ಮೇಡಂ, ನೀವೇ ಬರೆದಿದ್ದೀರಲ್ಲ.”

ಮೊದಲ ದಿನ ಗೊಂಬೆಯನ್ನು ತೋರಿಸುತ್ತ, ಚಾರ್ಟ್ ತುಂಬುವುದು ಹೀಗೆ ಎಂದು ಅವರೇ ಬರೆದು ಅಂಟಿಸಿದ್ದ ಮಾದರಿ. ಅವರದೇ ದುಂಡು ಅಕ್ಷರದಲ್ಲಿ ಉಸಿರು ಇಪ್ಪತ್ತು. ತಲೆ ಕಲಿತರೂ ಕೈ ಕಲಿತಿರಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಅಷ್ಟರಲ್ಲಿ ಮ್ಯಾನೇಜರ್ ಬಾಗಿಲಲ್ಲಿ ಇಣುಕಿದ. “ಎಲ್ಲಾ ಪಾಸ್ ತಾನೇ ಸಿಸ್ಟರ್?”

ಹೂಂ ಎಂದಿದ್ದರೆ ಕೆಲಸ ಖಾಯಂ. ದೊಡ್ಡಮ್ಮ ಗೋಡೆಯ ಮಾದರಿಯನ್ನು ಕಿತ್ತು ಕೈಯಲ್ಲಿ ಹಿಡಿದರು. “ಎಲ್ಲಾ ಫೇಲ್ ಸಾರ್. ಮೊದಲು ಫೇಲಾದೋಳು ನಾನು.”

ಮ್ಯಾನೇಜರ್ ಕೆಂಡವಾದ. ನಾಳೆಯೇ ಹನ್ನೆರಡು ಮನೆಗಳಿಗೆ ಜನ ಕಳಿಸಬೇಕು, ನಾಳೆಯಿಂದ ನೀವು ಬರುವುದೇ ಬೇಡ ಎಂದು ಅಲ್ಲೇ ನಿಂತು ಕೂಗಾಡಿದ. ಅವನು ಮುಗಿಸುವಷ್ಟರಲ್ಲಿ ಕೊನೆಯ ಬೆಂಚಿನವಳು ವಾಚಿನಿಂದ ತಲೆ ಎತ್ತಿದಳು.

“ಮೇಡಂ, ಸಾರ್ ಉಸಿರು ಮೂವತ್ತೆರಡು. ಪೂರ್ತಿ ಒಂದು ನಿಮಿಷ ಎಣಿಸಿದೆ.”

“ಇವಳು ಪಾಸ್” ಎಂದರು ದೊಡ್ಡಮ್ಮ, ಕುರ್ಚಿ ಎಳೆಯುತ್ತ. “ಸಾರ್, ಸ್ವಲ್ಪ ಕೂತ್ಕೊಳ್ಳಿ. ಇನ್ನೂ ಹನ್ನೊಂದು ಜನ ಇದ್ದಾರೆ.”

ನಾಳೆಗೆ ಜನ ಬೇಕಾಗಿದ್ದ ಮ್ಯಾನೇಜರ್ ಕೂತ. ಸಂಜೆಯೊಳಗೆ ಉಳಿದ ಹನ್ನೊಂದು ಜನರೂ ಪಾಸಾದರು. ಅವನ ಉಸಿರೂ ಇಳಿಯುತ್ತ ಬಂದು, ಕೊನೆಯವಳ ಎಣಿಕೆಯಲ್ಲಿ ಸರಿಯಾಗಿ ಇಪ್ಪತ್ತಕ್ಕೆ ನಿಂತಿತು. ದೊಡ್ಡಮ್ಮ ನಂಬಲಿಲ್ಲ. ಅವಳು ಮೂರು ಸಲ ಎಣಿಸಿದ ಮೇಲೆ ತಾವೂ ಒಂದು ಸಲ ಎಣಿಸಿ, ಆಮೇಲೆ ಅವಳ ಚಾರ್ಟಿಗೆ ಸಹಿ ಹಾಕಿದರು.