ತಲೆಯಿಲ್ಲದ ಸಾಲ್ಮನ್

ಊರಿನಿಂದ ಒಣ ಬೂತಾಯಿ ಮೀನು ತರಲಿಲ್ಲವೆಂದು ಅಕ್ಕನ ಮಗಳು ಶ್ರುತಿ ಬೆಳಗಿನಿಂದ ಗೊಣಗುತ್ತಿದ್ದಾಳೆ. ಅದಕ್ಕೇ ಈಗ ಅಮೆರಿಕದ ಅವಳ ಊರು ಯೂನಿಯನ್ ಸಿಟಿಯ ಗ್ರೋಸರಿಯಲ್ಲಿ, ಮೀನಿನ ಕೌಂಟರಿನ ಎದುರು ನಿಂತಿದ್ದೇವೆ. ಉಳ್ಳಾಲದವಳಾದ ನನಗೆ ಕಿವಿರು ಎತ್ತಿ ನೋಡದೆ ಮೀನು ಕೊಂಡು ಗೊತ್ತಿಲ್ಲ. ಇಲ್ಲಿ ಸಾಲ್ಮನ್‌ಗೆ ತಲೆಯೇ ಇಲ್ಲ. ಗಾಜಿನ ಹಿಂದೆ ಕಿತ್ತಳೆ ಬಣ್ಣದ ತುಂಡುಗಳು, ಮೇಲೊಂದು ಚೀಟಿ: ‘ಸಾಕಿದ್ದು, ಬಣ್ಣ ಸೇರಿಸಿದೆ.’

ಮೀನಿಗೂ ಬಣ್ಣವಾ? ಶ್ರುತಿಯ ಮೂಲಕ ಕೌಂಟರಿನವನನ್ನು ಕೇಳಿದೆ.

“ಫೀಡಲ್ಲೇ ಬಣ್ಣ ಹಾಕ್ತಾರಂತೆ ಚಿಕ್ಕಮ್ಮ. ಇಲ್ಲಾಂದ್ರೆ ಮಾಂಸ ಬೂದಿ ಬಣ್ಣ ಇರುತ್ತಂತೆ.”

“ಅದಕ್ಕೆ ತಿನ್ನಲಿಕ್ಕೆ ಎಂತ ಹಾಕುದಂತೆ?”

“ಸಣ್ಣ ಮೀನಿನ ಪುಡಿ. ಬೇಗ ಹೇಳಿ, ಹಿಂದೆ ಜನ ಕಾಯ್ತಿದಾರೆ.”

ಕಾಯಲಿ. ಊರಿನ ಮೀನುಪುಡಿ ಕಾರ್ಖಾನೆಯ ನಾತ ಇಲ್ಲಿ ಮೂಗಿಗೆ ಬಡಿಯಿತು. ನಮ್ಮ ಬೂತಾಯಿ ಲಾರಿಗಟ್ಟಲೆ ಅಲ್ಲಿಗೆ ಹೋಗುತ್ತದೆ, ಮಾರ್ಕೆಟ್ಟಿನ ಬುಟ್ಟಿಗಳು ಖಾಲಿ ಕೂತಿರುತ್ತವೆ. ಆ ಪುಡಿ ಹಡಗು ಹತ್ತಿ ಯಾವ ಹೊಟ್ಟೆ ಸೇರುತ್ತದೋ, ನಾವ್ಯಾರೂ ಕೇಳಿದವರಲ್ಲ.

“ಚಿಕ್ಕಮ್ಮ, ಯಾವ್ದು ತಗೊಳ್ಳೋದು?”

“ಯಾವುದಾದ್ರೂ ತಗೋ,” ಎಂದೆ. “ನಿನ್ನ ಬೂತಾಯಿ ನನಗಿಂತ ಮೊದಲೇ ಬಂದು ಕೂತಿದೆ.”