ತವರು ರೇಟು

ನಾಯಂಡಹಳ್ಳಿಯ ನಮ್ಮ ಊದುಬತ್ತಿ ಗೋಡೌನಿಗೆ ಅಕ್ಕ ಬಂದರೆ ಮೊದಲು ಒಂದು ಬತ್ತಿ ಹಚ್ಚುತ್ತಿದ್ದಳು. ಅದನ್ನು ಗೋಡೆಯ ಇಟ್ಟಿಗೆ ಸಂದಿಗೆ ಸಿಕ್ಕಿಸಿ, ಬೂದಿ ಎಷ್ಟು ಉದ್ದ ನಿಲ್ಲುತ್ತದೆ ಎಂದು ನೋಡುತ್ತಾ ಕೂರುತ್ತಿದ್ದಳು. ಬೂದಿ ಬಾಗಿಯೂ ಮುರಿಯದಿದ್ದರೆ ಮಾಲು ಪಾಸು. ಪುಡಿಯಾಗಿ ಉದುರಿದರೆ, "ಏನೋ ಇದು, ಇದ್ದಿಲು ಜಾಸ್ತಿ ಹಾಕಿದೀಯ. ದೇವರ ಮುಂದೆ ಒಲೆ ಹಚ್ಚಿದಂಗಿರುತ್ತೆ" ಎಂದು ಎಲ್ಲರ ಎದುರಿಗೇ ಬೈಯುತ್ತಿದ್ದಳು. ಕೆಂಗೇರಿಯಲ್ಲಿ ಅವಳದೂ ಭಾವನದೂ ಪೂಜೆ ಸಾಮಾನಿನ ಅಂಗಡಿ. ಅಲ್ಲಿ ಮಾರುವ ಊದುಬತ್ತಿಯೆಲ್ಲ ನಮ್ಮದೇ.

ಅವಳಿಗೊಂದು ಬೇರೆ ರೇಟಿತ್ತು. ನಾನು ತಿಪಟೂರು ಬಿಟ್ಟು ಬಂದು ಈ ಕೆಲಸ ಶುರು ಮಾಡಿದಾಗ ಅದನ್ನು ಗೊತ್ತು ಮಾಡಿದವಳು ಅಮ್ಮ. "ಮಾಲಿಗೆ ಬಿದ್ದಿದ್ದು, ಕೂಲಿಗೆ ಬಿದ್ದಿದ್ದು ತಗೋ. ಅವಳ ಮೇಲೆ ಲಾಭ ಇಟ್ಕೋಬೇಡ. ಗೌರಿ ಹಬ್ಬಕ್ಕೊಂದು ಸೀರೆ ಕೊಟ್ಟು ಕೈ ತೊಳ್ಕೊಳೋದಲ್ಲ ತವರು ಅಂದ್ರೆ." ಅಮ್ಮ ಹೋದ ಮೇಲೂ ಆ ರೇಟು ಹಾಗೇ ಉಳಿಯಿತು. ನಮ್ಮಲ್ಲಿ ಬತ್ತಿ ಹೊಸೆಯುವ ಹೆಂಗಸರು ಅದಕ್ಕೆ ತವರು ರೇಟು ಎಂದು ಹೆಸರಿಟ್ಟಿದ್ದರು. ಅಕ್ಕ ಗೇಟು ದಾಟುವಾಗಲೇ, "ಬಂತು ನೋಡ್ರೇ ತವರು ರೇಟು" ಎಂದು ನಗುತ್ತಿದ್ದರು. ಅಕ್ಕನೂ ಬಿಡುತ್ತಿರಲಿಲ್ಲ. "ಹೊಟ್ಟೆ ಉರ್ಕೊಳಿ, ಬತ್ತಿಗೆ ಬೆಂಕಿನಾದ್ರೂ ಸಿಗುತ್ತೆ" ಎನ್ನುತ್ತಿದ್ದಳು.

ನಾನು ಓದಿದ್ದು ತಡವಾಗಿ. ಕೂದಲು ನರೆತ ಮೇಲೆ ಡಿಗ್ರಿಗೆ ಸೇರಿದೆ, ಅದೂ ಅಕ್ಕನ ಹಟಕ್ಕೆ. ಭಾನುವಾರ ವಿಜಯನಗರದಲ್ಲಿ ಕ್ಲಾಸು. ಒಂದು ಭಾನುವಾರ ಅರ್ಥಶಾಸ್ತ್ರದ ಮೇಡಂ ಪರಮಾಪ್ತ ರಾಷ್ಟ್ರದ ಷರತ್ತಿನ ಪಾಠ ಮಾಡಿದರು. ಎರಡು ದೇಶಗಳು ವ್ಯಾಪಾರದ ಒಪ್ಪಂದ ಮಾಡಿಕೊಳ್ಳುವಾಗ, "ಬೇರೆ ಯಾರಿಗೆ ಸುಂಕ ಕಡಿಮೆ ಮಾಡಿದರೂ ಅಷ್ಟೇ ನಮಗೂ ಮಾಡಬೇಕು" ಎಂದು ಬರೆಸಿಕೊಳ್ಳುವ ಮಾತು ಅದು. ಕಷ್ಟ ಬರುವುದು ವಸಾಹತುಗಳ ವಿಷಯದಲ್ಲಿ. ಬ್ರಿಟನ್ನಿನ ವಸಾಹತಾಗಿದ್ದ ಕೆನಡಾ, ಬ್ರಿಟನ್ನಿನ ಸರಕಿಗೆ ಸುಂಕ ಇಳಿಸಿತು. ಬ್ರಿಟನ್ನಿನ ಜೊತೆ ಹಳೆಯ ಒಪ್ಪಂದವಿದ್ದ ಜರ್ಮನಿ, ಬೆಲ್ಜಿಯಂ ತಮಗೂ ಅಷ್ಟೇ ಇಳಿಸಿ ಎಂದವು. ವಸಾಹತು ಮತ್ತು ತಾಯಿನಾಡು ಒಂದೇ ಮನೆಯಾದರೆ ಅದು ಮನೆಯೊಳಗಿನ ಮಾತು, ಹೊರಗಿನವರು ಕೇಳುವಂತಿಲ್ಲ. ಆದರೆ ಆ ಎರಡು ಒಪ್ಪಂದಗಳಲ್ಲಿ ವಸಾಹತುಗಳನ್ನೂ ಹೆಸರಿಸಿ ಬರೆದುಬಿಟ್ಟಿದ್ದರು. ಕೊನೆಗೆ ಬ್ರಿಟನ್ ಆ ಒಪ್ಪಂದಗಳನ್ನೇ ಕೈಬಿಟ್ಟಿತು.

ಸಂಜೆ ಅಕ್ಕನಿಗೆ ಇದನ್ನೆಲ್ಲ ಹೇಳಿದೆ. ಅವಳು ಹೂವು ಕಟ್ಟುತ್ತಾ ಕೇಳಿಸಿಕೊಂಡು, "ಅಂದ್ರೆ ಕೆನಡಾ ನಮ್ಮಂಗೆ ಕೊಟ್ಟ ಹೆಣ್ಣು ಅನ್ನು" ಎಂದಳು. ಇಬ್ಬರೂ ಬಹಳ ನಕ್ಕಿದ್ದೆವು.

ಅದಾದ ಸ್ವಲ್ಪ ಕಾಲಕ್ಕೆ ಊರೆಲ್ಲ ಅಂಗಡಿಗಳಿದ್ದ ಒಂದು ಕಂಪನಿ ನಮ್ಮ ಮಾಲು ಕೊಳ್ಳಲು ಮುಂದೆ ಬಂತು. ಆಗ ನಮ್ಮ ಕೆಲಸ ನಿಂತೇಹೋಗುವ ಹಾಗಿತ್ತು. ಬೇರೆ ಯಾವ ಗಿರಾಕಿಗಾದರೂ ಕಡಿಮೆಗೆ ಕೊಟ್ಟರೆ ಅದೇ ರೇಟು ತಮಗೂ ಕೊಡಬೇಕು ಎಂದು ಅವರ ಕರಾರಿನಲ್ಲಿತ್ತು. ಓದಿಯೇ ಸಹಿ ಹಾಕಿದೆ. ಅಕ್ಕನ ನೆನಪೇ ಆಗಲಿಲ್ಲ. ಅವಳನ್ನು ಗಿರಾಕಿ ಎಂದು ನಾನು ಯಾವತ್ತು ಎಣಿಸಿದ್ದೆ?

ಆ ಕಂಪನಿಯ ಖರೀದಿ ಅಧಿಕಾರಿ ಮಾಲು ನೋಡಲು ಬಂದ ದಿನ ಅಕ್ಕನೂ ಬಂದಿದ್ದಳು. ಅವಳ ಡಬ್ಬಗಳ ಮೇಲಿದ್ದ ಬಿಲ್ಲು ಆತನ ಕಣ್ಣಿಗೆ ಬಿತ್ತು.

"ಏನ್ ಸಾರ್, ಇವ್ರಿಗೆ ಇಷ್ಟು ಕಮ್ಮಿ?"

"ನಮ್ಮಕ್ಕ ಸಾರ್. ಗಿರಾಕಿ ಅಲ್ಲ."

"ಬಿಲ್ ಹಾಕಿದೀರಲ್ಲ, ಇನ್ನೇನು ಹಂಗಂದ್ರೆ?" ಆತ ಅಕ್ಕನ ಕಡೆ ತಿರುಗಿದ. ದನಿ ಒರಟಾಗಿರಲಿಲ್ಲ. "ಅಂಗಡಿ ಯಾರ ಹೆಸರಲ್ಲಿದೆ ಆಂಟಿ?"

"ನಮ್ಮ ಯಜಮಾನ್ರ ಹೆಸರಲ್ಲಿ."

"ಒಂದ್ ಕೆಲಸ ಮಾಡಿ. ಅದು ನಿಮ್ಮ ತಮ್ಮಂದೇ ಬ್ರಾಂಚು ಅಂತ ಮಾಡ್ಕೊಳಿ. ಆಗ ಮನೆಯೊಳಗಿನ ವಿಷ್ಯ, ನಾವು ಕೇಳಲ್ಲ. ಇಲ್ಲಾ ಅಂದ್ರೆ ನಮಗೂ ಇದೇ ರೇಟು."

ಲಾಭವಿಲ್ಲದ ಆ ರೇಟಿಗೆ ಕಂಪನಿಗೂ ಕೊಟ್ಟರೆ ಗೋಡೌನು ಮುಚ್ಚಬೇಕಿತ್ತು. ಬತ್ತಿ ಹೊಸೆಯುತ್ತಿದ್ದ ಕೈಗಳೆಲ್ಲ ನಿಂತಿದ್ದವು. "ಕರಾರೇ ಬೇಡ ಸಾರ್" ಎನ್ನಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅಕ್ಕ ಆ ಹೆಂಗಸರನ್ನೊಮ್ಮೆ ನೋಡಿ, ಸೆರಗು ಸರಿಮಾಡಿಕೊಂಡು ಎದ್ದಳು.

"ನಮ್ಮ ಯಜಮಾನ್ರು ಕಟ್ಟಿದ ಅಂಗಡಿ ಸಾರ್ ಅದು, ಯಾರ ಬ್ರಾಂಚೂ ಅಲ್ಲ. ನನ್ನ ಕೊಟ್ಟಾಗಿದೆ, ನಂದು ಬೇರೆ ಮನೆ. ಎಲ್ರಿಗೂ ಹಾಕೋ ರೇಟೇ ನಂಗೂ ಹಾಕ್ಲಿ."

"ಅಕ್ಕಾ..."

"ಸುಮ್ನಿರೋ. ಬಿಲ್ ಬದ್ಲಾಯ್ಸು."

ಬದಲಾಯಿಸಿದೆ. ಅವತ್ತು ಹಚ್ಚಿಟ್ಟಿದ್ದ ಬತ್ತಿಯ ಬೂದಿಯನ್ನು ಅವಳು ನೋಡದೆಯೇ ಹೋದಳು. ಆಟೋಗೆ ಡಬ್ಬ ಇಡುವಾಗ, "ಕರಾರು ಬಿಟ್ಬಿಡ್ತೀನಿ ಅಕ್ಕ, ಬ್ರಿಟನ್ನೇ ಬಿಡಲಿಲ್ವಾ" ಎಂದೆ. "ಬ್ರಿಟನ್ ಹತ್ರ ಹಡಗಿದ್ವು ಕಣೋ. ನಿನ್ನ ಹತ್ರ ಏನಿದೆ?" ಎಂದು ನಕ್ಕಳು. ಮುಖ ಮಾತ್ರ ಆ ಕಡೆಗಿತ್ತು.

ಆಮೇಲೆ ಅವಳಿಂದ ಆರ್ಡರು ಬರಲಿಲ್ಲ. ಫೋನು ಮಾಡಿದರೆ, ಇನ್ನೂ ಸ್ಟಾಕಿದೆ ಎನ್ನುತ್ತಿದ್ದಳು.

ಗೌರಿ ಹಬ್ಬಕ್ಕೆ ಬಾಗಿನ ತೆಗೆದುಕೊಂಡು ನಾನೇ ಕೆಂಗೇರಿಗೆ ಹೋದೆ. ಅಂಗಡಿಯಲ್ಲಿ ನಮ್ಮ ಪ್ಯಾಕೆಟ್ಟುಗಳಿದ್ದ ಜಾಗದಲ್ಲಿ ಬೇರೆ ಯಾರದೋ ಮಾಲು ಜೋಡಿಸಿತ್ತು. ನಾನು ನೋಡಿದ್ದನ್ನು ಅವಳೂ ನೋಡಿದಳು.

"ಅವರ ರೇಟೂ ನಿನ್ನ ಈಗಿನ ರೇಟೇ ಕಣೋ," ಎಂದಳು. "ಬೇರೆಯವರ ಹತ್ರ ಆ ರೇಟು ಕೊಟ್ರೆ ಏನೂ ಅನ್ಸಲ್ಲ. ನಿನ್ನ ಹತ್ರ ಕೊಡಕ್ಕೆ ಹೋದ್ರೆ, ಪ್ರತಿ ಸಲ ಅಮ್ಮ ಇನ್ನೊಂದ್ಸಲ ಹೋದಂಗಾಗುತ್ತೆ."

ನಾನು ಬಾಗಿನ ಮುಂದೆ ಹಿಡಿದೆ. ಅವಳು ಕೈ ತೊಳೆದು ಬಂದು, ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು.

"ಇದಕ್ಕೇನೂ ಕರಾರು ಇಲ್ವಲ್ಲ?"

ಮೊದಲಾಗಿದ್ದರೆ ಈ ಮಾತಿಗೆ ಇಬ್ಬರೂ ನಗುತ್ತಿದ್ದೆವು. ಅವಳು ಬಾಗಿನದ ಮರವನ್ನು ಒಳಗಿಟ್ಟು ಬಂದು, ಆ ಬೇರೆಯವರ ಪ್ಯಾಕೆಟ್ಟಿನಿಂದಲೇ ಒಂದು ಬತ್ತಿ ತೆಗೆದು ಹಬ್ಬದ ದೇವರಿಗೆ ಹಚ್ಚಿದಳು. ನಾನು ನೋಡುತ್ತಾ ನಿಂತೆ. ಬೂದಿ ಬಾಗಿತು. ಮುರಿಯಲಿಲ್ಲ. ಒಳ್ಳೆಯ ಮಾಲು.