ಬಾರದ ಬುದ್ಧಿಹಲ್ಲಿಗೆ ಹೋದ ಕೆಲಸ

ಕೊರೋನಾ ಮುಗಿದು ಕಾರ್ಖಾನೆಗಳು ಮತ್ತೆ ಜನರನ್ನು ತೆಗೆದುಕೊಳ್ಳತೊಡಗಿದ ವರ್ಷ. ವಿದ್ಯಾರಣ್ಯಪುರದಲ್ಲಿ ನಾನು ಹಲ್ಲಿನ ಕ್ಲಿನಿಕ್ ತೆರೆದು ಆಗಲೇ ಇಪ್ಪತ್ತು ವರ್ಷ ದಾಟಿತ್ತು. ಮಾಕಳಿ ಕಡೆಯ ಒಂದು ಗಾರ್ಮೆಂಟ್ಸ್‌ನಲ್ಲಿ ಆಗ ಒಂದು ಪದ್ಧತಿಯಿತ್ತು. ಜನನ ಪತ್ರ, ಶಾಲೆಯ ಟಿ.ಸಿ. ಎರಡೂ ಇಲ್ಲದ ಹೆಣ್ಣುಮಕ್ಕಳು ದಂತವೈದ್ಯರಿಂದ ವಯಸ್ಸಿನ ಸರ್ಟಿಫಿಕೇಟ್ ತರಬೇಕು. ದವಡೆಯ ತುದಿಯಲ್ಲಿ ಎಲ್ಲಕ್ಕಿಂತ ಕೊನೆಗೆ ಬರುವ ಬುದ್ಧಿಹಲ್ಲು ಕಂಡರೆ ಹದಿನೆಂಟು ತುಂಬಿದೆ, ಕಾಣದಿದ್ದರೆ ತುಂಬಿಲ್ಲ. ಸಂತೆಯಲ್ಲಿ ದನದ ಬಾಯಿ ತೆರೆದು ನೋಡುತ್ತಾರಲ್ಲ, ಹಾಗೆ!

ಒಂದು ಗುರುವಾರ ಶಿವಮ್ಮ ಬಂದಳು. ಸಣಕಲು ಜೀವ. ಅವಳ ಕೈಯಲ್ಲಿ ಬೇರೊಬ್ಬ ವೈದ್ಯರು ಬರೆದ ಚೀಟಿಯಿತ್ತು: ಬುದ್ಧಿಹಲ್ಲು ಬಂದಿಲ್ಲ, ವಯಸ್ಸು ಸುಮಾರು ಹದಿನೇಳು.

"ನಂಗೆ ಇಪ್ಪತ್ತೈದಾಗದೆ ಡಾಕ್ಟ್ರಮ್ಮ. ಮಗ್ಳು ಯುಕೆಜಿಗೆ ಓಯ್ತಾಳೆ. ಅಲ್ಲು ಬರ್ನಿಲ್ಲ ಅಂತ ಕೆಲ್ಸ ಬುಡಿಸ್ಬುಟ್ರು. ಶನಿವಾರದೊಳ್ಗೆ ಬೇರೆ ಚೀಟಿ ತರ್ದಿದ್ರೆ ಎಸ್ರು ತೆಗೀತಾರಂತೆ."

ಗಂಡ ತೀರಿಕೊಂಡಿದ್ದ. ಆ ಕೆಲಸ ಹೋದರೆ ತಾಯಿ ಮಗಳ ಹೊಟ್ಟೆಗೆ ಬೇರೆ ದಾರಿಯಿರಲಿಲ್ಲ. ಆಧಾರ್ ಕಾರ್ಡಿನಲ್ಲಿ, ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಹಾಕುವ ಜನವರಿ ಒಂದು ಎಂದೇ ಇದ್ದುದರಿಂದ ಅದನ್ನೂ ಅವರು ಒಪ್ಪಲಿಲ್ಲವಂತೆ.

ಒಪಿಜಿ ತೆಗೆಸಿದೆ. ಎರಡೂ ದವಡೆಗಳನ್ನು ಒಟ್ಟಿಗೆ ತೋರಿಸುವ ಎಕ್ಸ್‌ರೇ ಅದು. ನಾಲ್ಕು ಮೂಲೆಗಳಲ್ಲೂ ಮೂಳೆ ಬಿಟ್ಟರೆ ಏನೂ ಇಲ್ಲ. ಹಲ್ಲು ಒಳಗೆ ಅಡಗಿದ್ದಲ್ಲ, ಅದರ ಮೊಳಕೆಯೇ ಇರಲಿಲ್ಲ. ಮೇಲಿನ ಸಾಲಿನ ಮುಂಭಾಗದಲ್ಲೂ ಒಂದು ಶಾಶ್ವತ ಹಲ್ಲು ಹುಟ್ಟೇ ಇಲ್ಲ. ಕೆಲವರಿಗೆ ಹುಟ್ಟಿನಿಂದಲೇ ಹೀಗಿರುತ್ತದೆ, ಇದೇನೂ ರೋಗವಲ್ಲ. ಇವಳಿಗೆ ನೂರು ವರ್ಷವಾದರೂ ಬುದ್ಧಿಹಲ್ಲು ಬಾರದು. ಒಂದು ಎಕ್ಸ್‌ರೇ ತೆಗೆಸುವ ತಾಳ್ಮೆ ಆ ವೈದ್ಯರಿಗೆ ಇರಲಿಲ್ಲವಲ್ಲ ಎಂದು ಮೈಯೆಲ್ಲ ಉರಿಯಿತು.

ಮರುದಿನ ಕ್ಲಿನಿಕ್‌ಗೆ ಬೀಗ ಹಾಕಿ, ಶಿವಮ್ಮನನ್ನು ಕರೆದುಕೊಂಡು ನಾನೇ ಕಾರ್ಖಾನೆಗೆ ಹೋದೆ. ಎಚ್‌ಆರ್ ಮ್ಯಾನೇಜರ್ ಎಕ್ಸ್‌ರೇ ಕಡೆ ತಿರುಗಿಯೂ ನೋಡಲಿಲ್ಲ.

"ಮೇಡಂ, ಹಲ್ಲಿದ್ರೆ ಇದೆ ಅಂತ ಬರ್ಕೊಡಿ. ಇಲ್ಲಾಂದ್ರೆ ಬಿಟ್ಬಿಡಿ. ನಮ್ಗೆ ಆಡಿಟ್ ಇದೆ, ಎಲ್ರ ವಯಸ್ಸಿನ ದಾಖಲೆ ತೋರಿಸ್ಬೇಕು."

"ಏನ್ರೀ, ಇವಳ ಮಗಳಿಗೆ ಐದು ವರ್ಷ. ಹನ್ನೆರಡನೇ ವಯಸ್ಸಿಗೆ ಹೆತ್ಲಾ? ಮಗುವಿನ ಬರ್ತ್ ಸರ್ಟಿಫಿಕೇಟ್ ಕೇಳೋಷ್ಟೂ ಬುದ್ಧಿ ಬೇಡ್ವಾ ನಿಮ್ಗೆ? ಯಾವನ್ರೀ ಅವ್ನು, ಬರೀ ಟಾರ್ಚ್ ಬಿಟ್ಟು ವಯಸ್ಸು ಬರೆದೋನು?"

ನನ್ನ ದನಿಗೆ ಹೊರಗಿನ ಹೊಲಿಗೆ ಯಂತ್ರಗಳೂ ಒಂದೆರಡು ನಿಂತವು. ಆತ ಬೀರುವಿನಿಂದ ಒಂದು ಫೈಲ್ ತೆಗೆದು, ಒಂದು ಹಾಳೆಯನ್ನು ನನ್ನ ಮುಂದೆ ಸರಿಸಿದ.

"ಇದನ್ನೂ ಸ್ವಲ್ಪ ನೋಡಿ ಮೇಡಂ."

ಕೊರೋನಾಕ್ಕೂ ಮೊದಲಿನದು. ಮಂಜುಳ ಎಂಬ ಹುಡುಗಿಯದು. 'ಬುದ್ಧಿಹಲ್ಲು ಮೂಡಿಲ್ಲ. ಹದಿನೆಂಟು ತುಂಬಿಲ್ಲ.' ಕೆಳಗೆ ನನ್ನ ಸಹಿ, ನನ್ನದೇ ಮೊಹರು. ಎಕ್ಸ್‌ರೇ ಮಾತೇ ಇರಲಿಲ್ಲ. ಅವಳ ಮುಖ ಕೂಡ ನನಗೆ ನೆನಪಾಗಲಿಲ್ಲ. ಥೂ, ಅಷ್ಟು ಹೊತ್ತು ನಾನು ಬೈದದ್ದು ಯಾರಿಗೆ?

ಅಲ್ಲೇ ಕೂತು ಶಿವಮ್ಮನ ಚೀಟಿ ಬರೆದೆ: 'ಈಕೆಗೆ ಬುದ್ಧಿಹಲ್ಲುಗಳು ಹುಟ್ಟಿನಿಂದಲೇ ಇಲ್ಲ. ಹಲ್ಲು ನೋಡಿ ಈಕೆಯ ವಯಸ್ಸು ಹೇಳಲಾಗದು.' ಮಗುವಿನ ಜನನ ಪತ್ರ ತರಿಸಿ ಜೊತೆಗಿಟ್ಟೆವು. ಸೋಮವಾರ ಶಿವಮ್ಮ ಮತ್ತೆ ಹೊಲಿಗೆಗೆ ಕೂತಳು.

ಮಂಜುಳಳ ಫೈಲಿನಲ್ಲಿದ್ದ ನಂಬರಿಗೆ ಎಷ್ಟೋ ಸಲ ಫೋನ್ ಮಾಡಿದೆ. ಅದು ಚಾಲ್ತಿಯಲ್ಲೇ ಇರಲಿಲ್ಲ. ಅಂದು ಅವಳ ವಯಸ್ಸು ನಿಜಕ್ಕೂ ಎಷ್ಟಿತ್ತೋ ನನಗೆ ಗೊತ್ತಿಲ್ಲ. 'ಗೊತ್ತಿಲ್ಲ' ಎಂದು ನಾನು ಅಂದೇ ಬರೆಯಬೇಕಿತ್ತು.